ಕಲ್ಲಿನೊಳಗಿನ ದಿಕ್ಸೂಚಿ: ಪ್ರಾಚೀನ ಕಾಂತತ್ವ ಮತ್ತು ಭೂಭಾಗಗಳ ಪಯಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭೂವಿಜ್ಞಾನದ ಪಾಠ ಹೇಳುವ ನನಗೆ ತರಗತಿಯಲ್ಲಿ, ಊರೂರಿನ ಉಪನ್ಯಾಸಗಳ ಕೊನೆಯಲ್ಲಿ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಎಲ್ಲರಿಗೂ ತಿಳಿಯುವಂಥವು, ಕೊನೆಯವಕ್ಕೆ ಸ್ವಲ್ಪ ತಾಳ್ಮೆ ಬೇಕು. ತಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಆಯ್ದು ಓದಿದರೂ ಅಡ್ಡಿಯಿಲ್ಲ.

## ಮೊದಲು ತಿಳಿಯಬೇಕಾದವು

ಕಲ್ಲಿಗೆ ನೆನಪಿದೆ ಎನ್ನುತ್ತೀರಿ. ಕಲ್ಲೇನು ಆಯಸ್ಕಾಂತವೇ?

ಮೊಳೆಯನ್ನು ಎಳೆದುಕೊಳ್ಳುವಂಥ ಆಯಸ್ಕಾಂತವಲ್ಲ. ಆದರೆ ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಕಲ್ಲಿನ ಒಂದು ಚೂರನ್ನು ನುಣ್ಣಗೆ ಕುಟ್ಟಿ, ಬಿಳಿ ಕಾಗದದ ಮೇಲೆ ಹರಡಿ, ಕೆಳಗಿನಿಂದ ಆಯಸ್ಕಾಂತವನ್ನು ಆಡಿಸಿ ನೋಡಿ. ಬೂದು ಪುಡಿಯ ನಡುವೆ ಕೆಲವು ಕಪ್ಪು ಕಣಗಳು ಆಯಸ್ಕಾಂತದ ಹಿಂದೆಯೇ ಸರಿದಾಡುತ್ತವೆ. ಅವು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಜಾತಿಯ ಕಣಗಳು. ಒಂದೊಂದು ಕಣವೂ ಒಂದು ಪುಟ್ಟ ಕಾಂತಸೂಜಿ. ಗಟ್ಟಿ ಕಲ್ಲಿನಲ್ಲಿ ಹೂತಿರುವ ಕಣ ತಾನು ಮಿಸುಕಲಾರದು, ಆದರೆ ಅದರೊಳಗಿನ ಕಾಂತತ್ವ ಒಂದು ದಿಕ್ಕಿಗೆ ಮುಖ ಮಾಡಿರುತ್ತದೆ. ಕೋಟ್ಯಂತರ ಕಣಗಳ ಮುಖಗಳನ್ನು ಒಟ್ಟುಗೂಡಿಸಿದರೆ ಸಿಗುವ ಅತಿ ಕ್ಷೀಣವಾದ ದಿಕ್ಕೇ ಆ ನೆನಪು. ಈ ದಿಕ್ಕನ್ನು ಓದುವ ವಿದ್ಯೆಗೆ ಪ್ರಾಚೀನ ಕಾಂತತ್ವ ಎನ್ನುತ್ತೇವೆ.

ಕಾಯಿಸಿದರೆ ಆಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಕುದಿಯುವ ಲಾವಾದಲ್ಲಿ ಕಾಂತತ್ವ ಎಲ್ಲಿಂದ ಬರುತ್ತದೆ?

ಶಾಲೆಯಲ್ಲಿ ಓದಿದ್ದು ಸರಿ. ಈ ವಿದ್ಯೆ ನಿಂತಿರುವುದೇ ಅದರ ಮೇಲೆ. ಮ್ಯಾಗ್ನಟೈಟ್ 580 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಕಾಂತತ್ವವನ್ನು ಪೂರ್ತಿ ಬಿಟ್ಟುಕೊಡುತ್ತದೆ. ಕೆಂಪು ಕಲ್ಲಿನ ಹೆಮಟೈಟ್‌ಗೆ ಈ ಗಡಿ ಸುಮಾರು 675 ಡಿಗ್ರಿ. ಲಾವಾ ಹೊರಬರುವಾಗ ಸಾವಿರ ಡಿಗ್ರಿ ಮೀರಿ ಕಾದಿರುವುದರಿಂದ ಅದಕ್ಕೆ ಯಾವ ದಿಕ್ಕಿನ ನೆನಪೂ ಇರುವುದಿಲ್ಲ. ಅದು ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಇನ್ನೂ ತಣಿಯುತ್ತಾ ಈ ಗಡಿಗಿಂತ ಕೆಳಗೆ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಅಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿತ್ತೋ ಕಣಗಳ ಕಾಂತತ್ವವೂ ಆ ಕಡೆಗೇ ತಿರುಗಿ, ತಣ್ಣಗಾದಂತೆ ಬಿಗಿದುಕೊಳ್ಳುತ್ತದೆ. ಕುಂಬಾರರ ಆವಿಗೆಯಲ್ಲಿ ಬೆಂದ ಮಡಕೆಗೂ ಇಟ್ಟಿಗೆಗೂ ಆಗುವುದು ಇದೇ.

ಹಳೆಯ ಉತ್ತರ ದಿಕ್ಕು ತಿಳಿದರೆ ಸಾಕೇ? ಆ ಕಲ್ಲು ಭೂಮಿಯ ಯಾವ ಜಾಗದಲ್ಲಿತ್ತು ಎಂದು ಹೇಗೆ ಹೇಳುತ್ತೀರಿ?

ಕೈಯಲ್ಲಿ ಹಿಡಿಯುವ ದಿಕ್ಸೂಚಿಯ ಸೂಜಿ ಅಡ್ಡಡ್ಡಲಾಗಿ ಮಾತ್ರ ತಿರುಗುತ್ತದೆ. ಅದೇ ಸೂಜಿಯನ್ನು ಮೇಲೆ ಕೆಳಗೆ ಆಡುವಂತೆಯೂ ನಡುವಿನಿಂದ ತೂಗುಬಿಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಸಮಭಾಜಕದ ಹತ್ತಿರ ಅದು ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಉತ್ತರಕ್ಕೆ ಹೋದಂತೆ ಅದರ ಉತ್ತರದ ತುದಿ ನೆಲದತ್ತ ಬಾಗುತ್ತಾ ಹೋಗಿ ಧ್ರುವದಲ್ಲಿ ನೆಟ್ಟಗೆ ಕೆಳಮುಖವಾಗುತ್ತದೆ. ದಕ್ಷಿಣಾರ್ಧದಲ್ಲಿ ಅದೇ ತುದಿ ಆಕಾಶದತ್ತ ಎದ್ದಿರುತ್ತದೆ.

ಹಾಗಾಗಿ ಕಲ್ಲಿನಿಂದ ಎರಡು ಅಳತೆ ಸಿಗುತ್ತವೆ. ಸೂಜಿ ಉತ್ತರದಿಂದ ಎಷ್ಟು ಪಕ್ಕಕ್ಕೆ ಸರಿದಿದೆ ಎಂಬುದು ಓರೆ, ನೆಲದಿಂದ ಎಷ್ಟು ಕೆಳಕ್ಕೆ ಅಥವಾ ಮೇಲಕ್ಕೆ ವಾಲಿದೆ ಎಂಬುದು ಬಾಗು. ಆ ಭೂಭಾಗ ಎಷ್ಟು ತಿರುಗಿದೆ ಎಂದು ಓರೆಯಿಂದ ತಿಳಿಯುತ್ತದೆ, ಯಾವ ಅಕ್ಷಾಂಶದಲ್ಲಿತ್ತು ಎಂದು ಬಾಗಿನಿಂದ ತಿಳಿಯುತ್ತದೆ. ಲೆಕ್ಕ ಸರಳ: ಬಾಗಿನ ಟ್ಯಾನ್ = 2 × ಅಕ್ಷಾಂಶದ ಟ್ಯಾನ್. ಅಕ್ಷಾಂಶ 30 ಡಿಗ್ರಿಯಾದರೆ ಬಾಗು 49, ಅಕ್ಷಾಂಶ 60 ಆದರೆ ಬಾಗು 74. ಪಿಯುಸಿ ಗಣಿತ ಬಲ್ಲ ಯಾರು ಬೇಕಾದರೂ ಹಾಕಬಹುದಾದ ಲೆಕ್ಕವಿದು.

ಇಂದಿನ ಕಾಂತಧ್ರುವವೇ ಭೂಮಿಯ ಧ್ರುವದ ಮೇಲಿಲ್ಲ. ಹಾಗಿರುವಾಗ ಈ ಸೂತ್ರವನ್ನು ನಂಬುವುದು ಹೇಗೆ?

ಒಂದೇ ದಿನದ ಕಾಂತಕ್ಷೇತ್ರಕ್ಕೆ ಈ ಸೂತ್ರವನ್ನು ಹಚ್ಚಿದರೆ ತಪ್ಪುವುದು ನಿಶ್ಚಿತ. ತಿರುನೆಲ್ವೇಲಿ ಸುಮಾರು 8.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂತ್ರದ ಪ್ರಕಾರ ಅಲ್ಲಿ ಸೂಜಿ 17 ಡಿಗ್ರಿ ಬಾಗಬೇಕು. ಆದರೆ ಕಾಂತೀಯ ಸಮಭಾಜಕ ಈಗ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ಅಲ್ಲಿ ಸೂಜಿ ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲುತ್ತದೆ.

ಆದರೆ ಕಾಂತಧ್ರುವ ಒಂದೆಡೆ ನಿಲ್ಲುವುದಿಲ್ಲ. ಸಾವಿರಾರು ವರ್ಷಗಳಲ್ಲಿ ಅದು ಭೂಧ್ರುವದ ಸುತ್ತಮುತ್ತ ಅಲೆದಾಡುತ್ತದೆ, ಆ ಅಲೆದಾಟದ ಸರಾಸರಿ ಭೂಧ್ರುವದ ಮೇಲೇ ಬೀಳುತ್ತದೆ. ಹಾಗಾಗಿ ಒಂದು ಲಾವಾ ಪದರವನ್ನು ನಾವು ನೆಚ್ಚುವುದಿಲ್ಲ. ಬೇರೆ ಬೇರೆ ಕಾಲದಲ್ಲಿ ತಣಿದ ಹತ್ತಾರು ಪದರಗಳಿಂದ ಮಾದರಿ ತೆಗೆದು ಸರಾಸರಿ ಮಾಡುತ್ತೇವೆ. ಗೋಳದ ಮೇಲೆ ಚದುರಿದ ದಿಕ್ಕುಗಳಿಗೆ ಸರಾಸರಿಯನ್ನೂ ಅದರ ಅನಿಶ್ಚಿತತೆಯನ್ನೂ ಲೆಕ್ಕ ಹಾಕುವ ವಿಧಾನವನ್ನು 1953ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಕೊಟ್ಟರು. ಇಂದಿಗೂ ಎಲ್ಲರೂ ಬಳಸುವುದು ಅದನ್ನೇ.

## ಭಾರತದ ಪಯಣ

ಭಾರತ ಒಂದು ಕಾಲಕ್ಕೆ ಸಮಭಾಜಕದ ದಕ್ಷಿಣಕ್ಕಿತ್ತು ಎಂದು ಯಾವ ಕಲ್ಲು ಹೇಳಿತು?

ಡೆಕ್ಕನ್ ಟ್ರ್ಯಾಪ್ ಎಂಬ ಬಸಾಲ್ಟ್ ಪದರಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಈ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದುಕೊಂಡಿದೆ. ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಎರೆಮಣ್ಣಿನ ತಳದಲ್ಲಿರುವುದು ಇದೇ ಕಲ್ಲು. ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಎಡ್ವರ್ಡ್ ಇರ್ವಿಂಗ್ 1950ರ ದಶಕದ ಆರಂಭದಲ್ಲೇ ಈ ಪ್ರಶ್ನೆಯನ್ನು ಭಾರತದ ಕಲ್ಲಿನ ಮುಂದಿಟ್ಟರು. ಅವರ ಪಿಎಚ್.ಡಿ. ಪ್ರಬಂಧ 1954ರಲ್ಲಿ ತಿರಸ್ಕೃತವಾಯಿತು. ಭೂಖಂಡಗಳು ಚಲಿಸುತ್ತವೆ ಎಂಬ ಮಾತಿಗೆ ಹೆಚ್ಚಿನ ಭೂವಿಜ್ಞಾನಿಗಳು ಆಗಿನ್ನೂ ಕಿವಿಗೊಡುತ್ತಿರಲಿಲ್ಲ. 1956ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಡೆಕ್ಕನ್ ಕಲ್ಲಿನ ಅಳತೆಗಳನ್ನು ಪ್ರಕಟಿಸಿದರು. ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಹಸ್ರಬುದ್ಧೆ ಮತ್ತು ರಾಧಾಕೃಷ್ಣಮೂರ್ತಿ ಈ ಕೆಲಸವನ್ನು ನಮ್ಮ ನೆಲದಲ್ಲೇ ಬೆಳೆಸಿದರು.

ಅಳತೆ ಹೇಳಿದ್ದಿಷ್ಟು. ಡೆಕ್ಕನ್ ಕಲ್ಲಿನ ಸೂಜಿ ಉತ್ತರದಿಂದ ಸುಮಾರು 26 ಡಿಗ್ರಿ ಪಶ್ಚಿಮಕ್ಕೆ ಓರೆಯಾಗಿದೆ, ಮತ್ತು ಸುಮಾರು 45 ಡಿಗ್ರಿ ಮೇಲಕ್ಕೆ ಎದ್ದಿದೆ. 45ರ ಟ್ಯಾನ್ 1, ಅದರ ಅರ್ಧ 0.5, ಅಂದರೆ ಅಕ್ಷಾಂಶ ಸುಮಾರು 26.5 ಡಿಗ್ರಿ. ಮೇಲ್ಮುಖವಾದ್ದರಿಂದ ಅದು ದಕ್ಷಿಣ ಅಕ್ಷಾಂಶ. ಈ ಕಲ್ಲಿನ ಪದರಗಳಿರುವ ಮಹಾರಾಷ್ಟ್ರದ ಮಹಾಬಲೇಶ್ವರ ಈಗಿರುವುದು ಸುಮಾರು 18 ಡಿಗ್ರಿ ಉತ್ತರದಲ್ಲಿ. ಎರಡನ್ನೂ ಕೂಡಿಸಿದರೆ 44–45 ಡಿಗ್ರಿ, ಎಂದರೆ ಹತ್ತಿರ ಹತ್ತಿರ 5,000 ಕಿಲೋಮೀಟರ್. ಜೊತೆಗೆ ಇಡೀ ಭಾರತ ಗಡಿಯಾರದ ಮುಳ್ಳಿಗೆ ಎದುರಾಗಿ ಇಪ್ಪತ್ತೈದು ಡಿಗ್ರಿಯಷ್ಟು ತಿರುಗಿದೆ. ಈ ಲೆಕ್ಕವನ್ನು ಮೊದಲ ಬಾರಿ ಕೈಯಾರೆ ಮಾಡಿ ಮುಗಿಸಿದ ದಿನ ನಾನು ಕುಳಿತಲ್ಲೇ ಬಹಳ ಹೊತ್ತು ಕುಳಿತಿದ್ದೆ.

ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವಂತೆ. ಆಗ ದಕ್ಷಿಣ ಯಾವುದು, ಉತ್ತರ ಯಾವುದು?

ಒಳ್ಳೆಯ ಪ್ರಶ್ನೆ, ಮತ್ತು ಡೆಕ್ಕನ್ ಕಲ್ಲಿಗೆ ನೇರವಾಗಿ ತಾಗುವ ಪ್ರಶ್ನೆ. 1906ರಲ್ಲಿ ಫ್ರಾನ್ಸಿನ ಬರ್ನಾರ್ ಬ್ರೂನ್ ಲಾವಾದ ಕಾವಿಗೆ ಬೆಂದ ಜೇಡಿಯಲ್ಲಿ ತಿರುವುಮುರುವಾದ ಕಾಂತತ್ವವನ್ನು ಕಂಡರು. ಕೊನೆಯ ಬಾರಿ ಧ್ರುವಗಳು ಮಗುಚಿದ್ದು ಸುಮಾರು 7.7 ಲಕ್ಷ ವರ್ಷಗಳ ಹಿಂದೆ. ಡೆಕ್ಕನ್ ಲಾವಾದ ಬಹುಭಾಗ ಹರಿದದ್ದು ಧ್ರುವಗಳು ಮಗುಚಿದ್ದ ಒಂದು ಅವಧಿಯಲ್ಲಿ. ಹಾಗಾಗಿ ಅಲ್ಲಿನ ಹೆಚ್ಚಿನ ಪದರಗಳಲ್ಲಿ ಸೂಜಿ ಆಗ್ನೇಯದ ಕಡೆಗೆ, ಕೆಳಮುಖವಾಗಿದೆ. ಮಹಾಬಲೇಶ್ವರದ ಮೇಲ್ಪದರಗಳಲ್ಲಿ ಮಾತ್ರ ಸರಿಯಾಗಿ ಅದರ ಎದುರು ದಿಕ್ಕು. ಮೇಲಿನ ಉತ್ತರದಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಎರಡನೆಯದನ್ನು.

ದಕ್ಷಿಣಕ್ಕೆ ಮುಖ ಮಾಡಿ ಕೆಳಕ್ಕೆ ಬಾಗಿದ ಸೂಜಿಗೆ ಎರಡು ಅರ್ಥ ಹೇಳಬಹುದು. ಭಾರತ ದಕ್ಷಿಣಾರ್ಧದಲ್ಲಿತ್ತು ಮತ್ತು ಕ್ಷೇತ್ರ ಮಗುಚಿತ್ತು ಎಂಬುದು ಒಂದು. ಭಾರತ ಉತ್ತರಾರ್ಧದಲ್ಲೇ ಇದ್ದು ನೂರೈವತ್ತು ಡಿಗ್ರಿ ಗಿರಕಿ ಹೊಡೆದಿದೆ ಎಂಬುದು ಇನ್ನೊಂದು. ಒಂದೇ ಕಾಲದ ಕಲ್ಲಿನಿಂದ ಇದು ತೀರ್ಮಾನವಾಗದು. ವಯಸ್ಸಿನ ಕ್ರಮದಲ್ಲಿ ಹಳೆಯ ಮತ್ತು ಹೊಸ ಕಲ್ಲುಗಳನ್ನು ಸಾಲಾಗಿ ಅಳೆದಾಗ, ಮೊದಲ ಅರ್ಥದಲ್ಲಿ ಪಯಣ ಹೆಜ್ಜೆ ಹೆಜ್ಜೆಯಾಗಿ ಕೂಡಿಬರುತ್ತದೆ. ಎರಡನೆಯದನ್ನು ಒಪ್ಪಿದರೆ ನಂಬಲಾಗದ ಗಿರಕಿಗಳು ಬೇಕಾಗುತ್ತವೆ, ಅವಕ್ಕೆ ಹಿಂದೂ ಮಹಾಸಾಗರದ ತಳದಲ್ಲಿ ಯಾವ ಗುರುತೂ ಇಲ್ಲ.

ಭಾರತ ಎಷ್ಟು ವೇಗವಾಗಿ ಬಂತು?

5,000 ಕಿಲೋಮೀಟರನ್ನು 6.6 ಕೋಟಿ ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 7.5 ಸೆಂಟಿಮೀಟರ್. ಆದರೆ ವೇಗ ಒಂದೇ ಸಮನಾಗಿರಲಿಲ್ಲ. ಡೆಕ್ಕನ್ ಕಾಲದ ಆಸುಪಾಸಿನಲ್ಲಿ ವರ್ಷಕ್ಕೆ 15 ಸೆಂಟಿಮೀಟರ್ ಮೀರಿ ಓಡಿದ ಭಾರತ, ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೆ, ಸುಮಾರು 5 ಕೋಟಿ ವರ್ಷಗಳ ಹಿಂದೆ, ಗಕ್ಕನೆ ನಿಧಾನಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಜಿಪಿಎಸ್ ಕೇಂದ್ರ ಈಗಲೂ ವರ್ಷಕ್ಕೆ 5 ಸೆಂಟಿಮೀಟರಿಗೂ ತುಸು ಹೆಚ್ಚು ಈಶಾನ್ಯಕ್ಕೆ ಸರಿಯುತ್ತಿದೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೂ ಮಡಗಾಸ್ಕರ್‌ಗೂ ಸಂಬಂಧವಿದೆ ಎಂದು ಕೇಳಿದೆ. ನಿಜವೇ?

ನಿಜ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಇಳಿದರೆ ಕಾಣುವ ಆ ಬಹುಮುಖದ ಕಂಬಗಳು ಡೆಕ್ಕನ್ ಬಸಾಲ್ಟ್ ಅಲ್ಲ, ಅದಕ್ಕಿಂತ ಹಳೆಯವು. ಕಲ್ಲಿನ ಜಾತಿಯೂ ಬೇರೆ: ಸಿಲಿಕಾ ಹೆಚ್ಚಿರುವ ರಯೋಲೈಟ್ ಮತ್ತು ಡೇಸೈಟ್. ವಿವಿಧ ವಿಧಾನಗಳಲ್ಲಿ ಅಳೆದ ವಯಸ್ಸು 8.5ರಿಂದ 9.3 ಕೋಟಿ ವರ್ಷ. ಮಡಗಾಸ್ಕರ್‌ನಲ್ಲೂ ಇದೇ ಕಾಲದ ಅಗ್ನಿಶಿಲೆಗಳು ಹೇರಳವಾಗಿವೆ. ಆ ಭೂಭಾಗ ನಮ್ಮ ಪಶ್ಚಿಮ ಕರಾವಳಿಯಿಂದ ಸೀಳಿ ಬೇರೆಯಾದ ಕಾಲ ಅದು.

ಇಲ್ಲಿ ಕಾಂತತ್ವ ಸಾಕ್ಷಿಯಾಗುವ ಬಗೆ ನೋಡಿ. ಭಾರತದ ಕಲ್ಲು ಒಂದು ಕಡೆ ಪ್ರಾಚೀನ ಧ್ರುವವನ್ನು ತೋರಿಸುತ್ತದೆ, ಮಡಗಾಸ್ಕರ್ ಕಲ್ಲು ಇನ್ನೊಂದು ಕಡೆ. ಭೂಮಿಗೆ ಆಗಲೂ ಇದ್ದದ್ದು ಒಂದೇ ಉತ್ತರ ಧ್ರುವ. ನಕಾಶೆಯಲ್ಲಿ ಎರಡು ಭೂಭಾಗಗಳನ್ನೂ ಹಿಂದಕ್ಕೆ ಸರಿಸಿ ಕರಾವಳಿಗೆ ಕರಾವಳಿ ಜೋಡಿಸಿದಾಗ ಆ ಎರಡು ಧ್ರುವಗಳೂ ಹತ್ತಿರ ಬಂದು ಕೂಡಿಕೊಳ್ಳುತ್ತವೆ. ಹರಿದ ನಕಾಶೆಯ ಅಂಚನ್ನು ಜೋಡಿಸಿದಾಗ ಅದರ ಮೇಲಿನ ಗೆರೆಗಳೂ ಕೂಡಿಬಂದಂತೆ. ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿಂದ ಚೂರು ಕಲ್ಲನ್ನೂ ತರಬೇಡಿ ಎಂದು ಪ್ರತಿ ವಿದ್ಯಾರ್ಥಿ ತಂಡಕ್ಕೂ ಹೇಳುತ್ತೇನೆ. ಇಲ್ಲಿಯೂ ಹೇಳುತ್ತಿದ್ದೇನೆ.

## ಬಂಡೆಯಿಂದ ಪ್ರಯೋಗಾಲಯಕ್ಕೆ

ಸುತ್ತಿಗೆಯಿಂದ ಒಂದು ಚೂರು ಒಡೆದು ತಂದರೆ ಸಾಲದೇ?

ಸಾಲದು. ಒಡೆದು ಚೀಲಕ್ಕೆ ಹಾಕಿದ ಕ್ಷಣವೇ ಆ ಕಲ್ಲು ನೆಲದಲ್ಲಿ ಹೇಗೆ ಕುಳಿತಿತ್ತು ಎಂಬುದು ಕಳೆದುಹೋಯಿತು. ನಾವು ಬಳಸುವುದು ವಜ್ರದ ಹಲ್ಲಿನ ಟೊಳ್ಳು ಬೈರಿಗೆ, ಮರ ಕೊಯ್ಯುವ ಯಂತ್ರದಂಥ ಪೆಟ್ರೋಲ್ ಎಂಜಿನ್ನಿಗೆ ಜೋಡಿಸಿದ್ದು. ಬೈರಿಗೆ ಕಾಯದಿರಲೆಂದು ಒಬ್ಬರು ಪಕ್ಕದಲ್ಲಿ ನಿಂತು, ತೋಟಕ್ಕೆ ಔಷಧಿ ಹೊಡೆಯುವ ಕ್ಯಾನಿನಿಂದ ಒಂದೇ ಸಮನೆ ನೀರು ಒತ್ತುತ್ತಾರೆ. ಬೂದು ಬಣ್ಣದ ಕೆಸರು ಕೈ ಮುಖಕ್ಕೆಲ್ಲ ಹಾರುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪದ ಕಲ್ಲಿನ ಕಡ್ಡಿ ಬುಡದಲ್ಲಿ ಇನ್ನೂ ಬಂಡೆಗೆ ಅಂಟಿಕೊಂಡಿರುವಾಗಲೇ ಅದರ ಸುತ್ತ ಸೀಳುಳ್ಳ ಹಿತ್ತಾಳೆ ಕೊಳವೆ ಇಳಿಸಿ, ಕಡ್ಡಿ ಯಾವ ದಿಕ್ಕಿಗೆ ಎಷ್ಟು ಓರೆಯಾಗಿದೆ ಎಂದು ಅಳೆದು, ಸೀಳಿನ ಮೂಲಕ ಗೀರು ಹಾಕುತ್ತೇವೆ. ಆಮೇಲೆಯೇ ಮುರಿದು ತೆಗೆಯುವುದು. ಗೀರು ಹಾಕುವ ಮೊದಲೇ ಕಡ್ಡಿ ಮುರಿದು ತಿರುಗಿಬಿಟ್ಟರೆ ಅಷ್ಟೂ ಹೊತ್ತಿನ ಶ್ರಮ ನೀರುಪಾಲು.

ಇನ್ನೊಂದು ಎಚ್ಚರಿಕೆ: ಬಸಾಲ್ಟ್ ಬಂಡೆ ತಾನೇ ದಿಕ್ಸೂಚಿಯನ್ನು ದಾರಿ ತಪ್ಪಿಸಬಹುದು. ಅದಕ್ಕಾಗಿ ಕಡ್ಡಿಯ ನೆರಳು ಮತ್ತು ಗಡಿಯಾರದ ಸಮಯದಿಂದ ಉತ್ತರವನ್ನು ಲೆಕ್ಕಹಾಕುವ ಸೂರ್ಯದಿಕ್ಸೂಚಿಯನ್ನೂ ಒಯ್ಯುತ್ತೇವೆ.

ಕೋಟ್ಯಂತರ ವರ್ಷಗಳಲ್ಲಿ ಕಲ್ಲು ಮತ್ತೆ ಬಿಸಿಯಾಗಿರಬಹುದು, ಸಿಡಿಲು ಬಡಿದಿರಬಹುದು. ಹಳೆಯ ನೆನಪು ಉಳಿದಿದೆ ಎಂಬುದಕ್ಕೆ ಏನು ಖಾತರಿ?

ಈ ವಿದ್ಯೆಯಲ್ಲಿ ನಿಜವಾದ ದುಡಿಮೆ ಇರುವುದೇ ಇಲ್ಲಿ. ಸಿಡಿಲು ಬಡಿದ ಬೋಳುಗುಡ್ಡದ ನೆತ್ತಿಯಲ್ಲಿ ದಿಕ್ಸೂಚಿ ಹಿಡಿದು ಎರಡು ಹೆಜ್ಜೆ ನಡೆದರೆ ಸೂಜಿ ಹುಚ್ಚು ಹಿಡಿದಂತೆ ತಿರುಗುವುದುಂಟು. ಅಂಥ ಜಾಗವನ್ನು ಬಿಟ್ಟು ಕಲ್ಲುಕ್ವಾರಿ, ರಸ್ತೆ ಕೊರೆದ ಗೋಡೆ, ಹೊಳೆಯ ತಳ ಹುಡುಕುತ್ತೇವೆ. ಮುರಕಲ್ಲಿನಂತೆ ಬಹಳ ಈಚೆಗೆ ಹವೆಗೆ ಸಿಕ್ಕು ಕೆಂಪಾದ ಕಲ್ಲು ತಾನು ಕೆಂಪಾದ ಕಾಲದ ದಿಕ್ಕನ್ನಷ್ಟೇ ಹೇಳುತ್ತದೆ.

ಪ್ರಯೋಗಾಲಯದಲ್ಲಿ ಭೂಮಿಯ ಕಾಂತಕ್ಷೇತ್ರ ಒಳಬರದಂತೆ ಮರೆ ಮಾಡಿದ ಕುಲುಮೆಯಲ್ಲಿ ಮಾದರಿಯನ್ನು 100, 150, 200 ಡಿಗ್ರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಕಾಯಿಸಿ, ತಣಿಸಿ, ಪ್ರತಿ ಸಲವೂ ಅಳೆಯುತ್ತೇವೆ. ಈಚೆಗೆ ಅಂಟಿದ ದುರ್ಬಲ ನೆನಪು ಮೊದಲು ಕಳಚುತ್ತದೆ. ಮೂಲ ನೆನಪು ಕೊನೆಯವರೆಗೂ ಒಂದೇ ದಿಕ್ಕನ್ನು ಹಿಡಿದು ಕುಗ್ಗುತ್ತಾ, 580ರ ಸುಮಾರಿಗೆ ಸೊನ್ನೆಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಿನ ಅಳತೆಯನ್ನು ಪೇಪರಿನ ಮೇಲೆ ಗುರುತಿಸಿದಾಗ ಆ ಬಿಂದುಗಳು ನೇರ ಗೆರೆಯಲ್ಲಿ ಮೂಲಬಿಂದುವಿನತ್ತ ನಡೆಯುವುದನ್ನು ನೋಡುವ ಸಂತೋಷ ದೊಡ್ಡದು.

ಹೊರಗೆ ಬಯಲಿನಲ್ಲಿ ಮಾಡುವ ಪರೀಕ್ಷೆಗಳೂ ಇವೆ. ಅವುಗಳಲ್ಲಿ ಒಂದನ್ನು ವಿಜಯಪುರದ ಗೋಲಗುಮ್ಮಟದ ಗೋಡೆಯಿಂದ ವಿವರಿಸುತ್ತೇನೆ. ಕಲ್ಲುಕುಟಿಗರು ಬಸಾಲ್ಟ್ ಕಲ್ಲುಗಳನ್ನು ಕಡಿದು, ಬೇಕಾದ ಹಾಗೆ ತಿರುಗಿಸಿ ಗೋಡೆಯಲ್ಲಿ ಕೂರಿಸಿದ್ದಾರೆ. ಅವುಗಳ ಒಳಗಿನ ಸೂಜಿಗಳು ಈಗ ಒಂದೊಂದು ದಿಕ್ಕಿಗೆ ಇರಬೇಕು. ಹಾಗೆ ಚದುರಿದ್ದರೆ ಗೋಡೆ ಕಟ್ಟಿದ ಮೇಲೆ ನೆನಪು ಬದಲಾಗಿಲ್ಲ ಎಂದರ್ಥ. ಎಲ್ಲವೂ ಒಂದೇ ಕಡೆ ನೋಡುತ್ತಿದ್ದರೆ ಆಮೇಲೆ ಬದಲಾಗಿದೆ ಎಂದರ್ಥ. ನಿಸರ್ಗದಲ್ಲಿ ಹಳೆಯ ಕಲ್ಲಿನ ಉಂಡೆಗಳು ಉರುಳಿ ಬಂದು ಸೇರಿ ಗಟ್ಟಿಯಾದ ಪದರದ ಮೇಲೆ ಇದೇ ಪರೀಕ್ಷೆಯನ್ನು ಮಾಡುತ್ತೇವೆ. ಮಡಿಕೆ ಬಿದ್ದ ಪದರಗಳನ್ನು ಲೆಕ್ಕದಲ್ಲಿ ಮಟ್ಟಸ ಮಾಡಿದಾಗ ದಿಕ್ಕುಗಳು ಒಂದಾಗುತ್ತವೆಯೇ ಎಂದು ನೋಡುವ ಪರೀಕ್ಷೆಯನ್ನು 1949ರಲ್ಲಿ ಗ್ರಹಾಂ ಸೂಚಿಸಿದರು. ಇಂಥ ಒಂದು ಪರೀಕ್ಷೆಯನ್ನೂ ಪಾಸು ಮಾಡದ ಫಲಿತಾಂಶವನ್ನು ನಾನು ಪಾಠದಲ್ಲಿ ಉದಾಹರಣೆಯಾಗಿ ಬಳಸುವುದಿಲ್ಲ.

## ಕಗ್ಗಂಟಿನ ಪ್ರಶ್ನೆಗಳು

ಖಂಡ ಇದ್ದಲ್ಲೇ ಇದ್ದು ಧ್ರುವವೇ ಅಲೆದಾಡಿರಬಾರದೇಕೆ?

ಒಂದು ಖಂಡದ ಕಲ್ಲನ್ನು ಮಾತ್ರ ನೋಡಿದರೆ ಹಾಗೂ ಹೇಳಬಹುದು. ಒಂದು ಖಂಡದ ಬೇರೆ ಬೇರೆ ವಯಸ್ಸಿನ ಕಲ್ಲುಗಳು ತೋರುವ ಧ್ರುವಗಳನ್ನು ಗೆರೆಯಿಂದ ಜೋಡಿಸಿದರೆ ಧ್ರುವವೇ ನಡೆದಾಡಿದಂತೆ ಕಾಣುತ್ತದೆ. 1950ರ ದಶಕದಲ್ಲಿ ಯುರೋಪಿಗೂ ಉತ್ತರ ಅಮೆರಿಕಕ್ಕೂ ಇಂಥ ಗೆರೆಗಳನ್ನು ಎಳೆದಾಗ ಎರಡೂ ಒಂದೇ ಆಕಾರದಲ್ಲಿದ್ದು, ಒಂದರಿಂದ ಒಂದು ದೂರ ಸರಿದಿದ್ದವು. ಅಟ್ಲಾಂಟಿಕ್ ಸಾಗರವನ್ನು ಮುಚ್ಚಿ ಖಂಡಗಳನ್ನು ಸೇರಿಸಿದರೆ ಗೆರೆಗಳೂ ಒಂದಾದವು. ಧ್ರುವವೊಂದೇ ಅಲೆದಿದ್ದರೆ ಎರಡು ಗೆರೆಗಳಿಗೆ ಕಾರಣವೇ ಇರುತ್ತಿರಲಿಲ್ಲ.

ಇಡೀ ಖಂಡ ಸರಿಯುವುದು ಅರ್ಥವಾಯಿತು. ಭೂಚಿಪ್ಪಿನ ಸಣ್ಣ ತುಂಡುಗಳು ತಾವಾಗಿ ತಿರುಗುತ್ತವೆಯೇ?

ತಿರುಗುತ್ತವೆ, ಮತ್ತು ಅದನ್ನು ಹಿಡಿಯಲು ಕಲ್ಲಿನ ಓರೆಗಿಂತ ಒಳ್ಳೆಯ ಸಾಧನ ಇಲ್ಲ. ಬಿಸ್ಕೆ ಕೊಲ್ಲಿ ತೆರೆದುಕೊಂಡಾಗ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಭೂಭಾಗ ಗಡಿಯಾರಕ್ಕೆ ಎದುರಾಗಿ ಸುಮಾರು 35 ಡಿಗ್ರಿ ತಿರುಗಿತು. ಮೆಡಿಟರೇನಿಯನ್ನಿನ ಕಾರ್ಸಿಕಾ ಮತ್ತು ಸಾರ್ಡೀನಿಯಾ ದ್ವೀಪಗಳು ಸುಮಾರು 2 ಕೋಟಿ ವರ್ಷಗಳ ಹಿಂದೆ ಫ್ರಾನ್ಸಿನ ದಡದಿಂದ ಬಾಗಿಲು ತೆರೆದುಕೊಂಡ ಹಾಗೆ ಸರಿದು ಬಂದವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಉದಾಹರಣೆ. ಅಲ್ಲಿನ ಬೆಟ್ಟಸಾಲುಗಳು ಸಾಮಾನ್ಯವಾಗಿ ವಾಯವ್ಯದಿಂದ ಆಗ್ನೇಯಕ್ಕೆ ಹರಡಿವೆ. ಸಾಂತಾ ಬಾರ್ಬರಾದ ಹತ್ತಿರದ ಒಂದು ಸಾಲು ಮಾತ್ರ ಅವುಗಳಿಗೆ ಅಡ್ಡವಾಗಿ ಪೂರ್ವ–ಪಶ್ಚಿಮವಾಗಿ ಮಲಗಿದೆ. ಅದರ ಲಾವಾದಲ್ಲಿ ಸೂಜಿಗಳು ಉತ್ತರದಿಂದ ಪೂರ್ವಕ್ಕೆ 90 ಡಿಗ್ರಿಯ ಆಸುಪಾಸಿನಲ್ಲಿ ತಿರುಗಿರುವುದು ಕಂಡುಬಂತು. ಭೂಚಿಪ್ಪಿನ ದೊಡ್ಡ ತುಂಡುಗಳಾದ ಫಲಕಗಳಲ್ಲಿ ಪೆಸಿಫಿಕ್ ಫಲಕ ಒಂದು ಕಡೆಗೆ, ಉತ್ತರ ಅಮೆರಿಕದ ಫಲಕ ಇನ್ನೊಂದು ಕಡೆಗೆ ಉಜ್ಜಿಕೊಂಡು ಸಾಗುವಾಗ ನಡುವೆ ಸಿಕ್ಕಿದ ತುಂಡು ತಿರುಗಿದೆ. ದೀಪದ ಬತ್ತಿ ಹೊಸೆಯುವಾಗ ಎರಡು ಅಂಗೈಗಳ ನಡುವೆ ಹತ್ತಿ ಉರುಳುವುದಿಲ್ಲವೇ, ಹಾಗೆ.

ರೇಖಾಂಶವನ್ನೂ ಕಲ್ಲು ಹೇಳುತ್ತದೆಯೇ?

ಇಲ್ಲ. ಒಂದೇ ಅಕ್ಷಾಂಶದ ಮೇಲೆ ಎಲ್ಲಿ ನಿಂತರೂ ಬಾಗು ಒಂದೇ. ಪೂರ್ವ–ಪಶ್ಚಿಮದ ಸರಿದಾಟಕ್ಕೆ ಸಾಗರತಳದ ಕಾಂತಪಟ್ಟಿಗಳನ್ನು, ಎಂದರೆ ಧ್ರುವಗಳು ಮಗುಚಿದಾಗಲೆಲ್ಲ ದಿಕ್ಕು ಬದಲಿಸಿ ತಳದ ಕಲ್ಲಿನಲ್ಲಿ ಸಾಲಾಗಿ ಮೂಡಿದ ಪಟ್ಟಿಗಳನ್ನು, ಆಶ್ರಯಿಸಬೇಕು. ಆದರೆ ಇಂದಿನ ಸಾಗರತಳ ಬಹುಮಟ್ಟಿಗೆ 20 ಕೋಟಿ ವರ್ಷಗಳಿಗಿಂತ ಹಳೆಯದಲ್ಲ. ಅದಕ್ಕೂ ಹಿಂದಿನ ನಕಾಶೆಗಳಲ್ಲಿ ರೇಖಾಂಶವನ್ನು ಎಚ್ಚರದಿಂದ ನೋಡಿ.

ಹಿಮಾಲಯ, ಟಿಬೆಟ್ ಕಡೆಯ ಜಲಜಶಿಲೆಗಳಿಂದ ಬಂದ ಅಕ್ಷಾಂಶಗಳ ಬಗ್ಗೆ ಇಷ್ಟೊಂದು ತಕರಾರು ಏಕೆ?

ನೀರಿನಲ್ಲಿ ಕೆಳಗಿಳಿದು ಕೂರುವ ಕಣ ಕ್ಷೇತ್ರದ ಬಾಗಿಗೆ ಸರಿಯಾಗಿ ನಿಲ್ಲದೆ ಮಟ್ಟಸವಾಗಿ ಮಲಗಲು ನೋಡುತ್ತದೆ. ಮೇಲೆ ಮಣ್ಣು ಬಿದ್ದು ಒತ್ತಿದಂತೆ ಇನ್ನಷ್ಟು ಚಪ್ಪಟೆಯಾಗುತ್ತದೆ. ಬಾಗು ಕಡಿಮೆಯಾದರೆ ಕಲ್ಲು ಸಮಭಾಜಕಕ್ಕೆ ಹತ್ತಿರವಿತ್ತು ಎಂಬ ತಪ್ಪು ಉತ್ತರ ಬರುತ್ತದೆ. ಒಂದು ಲೆಕ್ಕ ಮಾಡೋಣ: ನಿಜವಾದ ಅಕ್ಷಾಂಶ 30, ಬಾಗು 49. ಬಾಗಿನ ಟ್ಯಾನ್ 0.6 ಪಟ್ಟಿಗೆ ಕುಗ್ಗಿತು ಎಂದುಕೊಳ್ಳಿ. ಆಗ ಬಾಗು 35ಕ್ಕೆ ಇಳಿದು ಅಕ್ಷಾಂಶ 19 ಎಂದು ತೋರುತ್ತದೆ. 11 ಡಿಗ್ರಿ, ಅಂದರೆ 1,200 ಕಿಲೋಮೀಟರ್ ತಪ್ಪು! ಭಾರತ ಮತ್ತು ಏಷ್ಯಾ ಯಾವಾಗ, ಎಲ್ಲಿ ಸೇರಿದವು ಎಂಬ ಲೆಕ್ಕವನ್ನೇ ಅದು ಅಡಿಮೇಲು ಮಾಡಬಲ್ಲದು. ಅದಕ್ಕಾಗಿ ಟಿಬೆಟ್ಟಿನ ಲ್ಹಾಸಾ ಭೂಭಾಗದ ಜ್ವಾಲಾಮುಖಿ ಶಿಲೆಗಳನ್ನೂ ಅಳೆದು ಜಲಜಶಿಲೆಗಳ ಜೊತೆಗೆ ತಾಳೆ ನೋಡುತ್ತಾರೆ. ಲಾವಾ ಹೀಗೆ ಚಪ್ಪಟೆಯಾಗುವುದಿಲ್ಲ.

ಬೆಂಗಳೂರಿನ ಸುತ್ತಮುತ್ತ ಡೆಕ್ಕನ್ ಬಸಾಲ್ಟ್ ಇಲ್ಲವಲ್ಲ. ಇಲ್ಲಿ ಓದಲು ಏನಾದರೂ ಇದೆಯೇ?

ಇದೆ, ಅದೂ ಬಹಳ ಹಳೆಯದು. ಕನಕಪುರ, ಹಾರೋಹಳ್ಳಿ ಕಡೆ ಬೂದು ಗ್ರಾನೈಟ್ ಮತ್ತು ನೈಸ್ ಬಂಡೆಗಳ ನಡುವೆ ಕಪ್ಪು ಪಟ್ಟಿಯೊಂದು ಗೋಡೆಯಂತೆ ಹಾದುಹೋಗಿರುವುದನ್ನು ನೋಡಿರಬಹುದು. ಅದು ಡೈಕ್: ಬಿರುಕಿನಲ್ಲಿ ನುಗ್ಗಿ ಅಲ್ಲೇ ಗಟ್ಟಿಯಾದ ಶಿಲಾರಸ. ಗೋರಿಗಳಿಗೂ ನೆಲಹಾಸಿಗೂ ಬಳಸುವ ಕಪ್ಪು ಗ್ರಾನೈಟ್ ಎಂದು ವ್ಯಾಪಾರದಲ್ಲಿ ಕರೆಯುವ ಕಲ್ಲು ಹೆಚ್ಚಾಗಿ ಇದೇ. ಕರ್ನಾಟಕದ ಬಹುಭಾಗವನ್ನು ಒಳಗೊಂಡ, ಭೂವಿಜ್ಞಾನಿಗಳು ಧಾರವಾಡ ಭೂಭಾಗ ಎಂದು ಕರೆಯುವ ಪ್ರಾಚೀನ ನೆಲದ ಈ ದೊಡ್ಡ ಡೈಕ್ ಸಮೂಹದ ವಯಸ್ಸು ಸುಮಾರು 237 ಕೋಟಿ ವರ್ಷ. ಅವುಗಳಲ್ಲಿ ಸೂಜಿ ಬಹಳ ಕಡಿದಾಗಿ ಬಾಗಿದೆ. ಎಂದರೆ ಇಂದು 13 ಡಿಗ್ರಿಯಲ್ಲಿರುವ ಈ ನೆಲ ಆಗ ಧ್ರುವಕ್ಕೆ ಹತ್ತಿರವಿತ್ತು.

ಡೈಕ್‌ಗೆ ತಗುಲಿಕೊಂಡ ಗ್ರಾನೈಟ್ ಕೂಡ ಶಿಲಾರಸದ ಕಾವಿಗೆ ಬೆಂದಿರುತ್ತದೆ. ಬೆಂದ ಅಂಚಿನಲ್ಲಿ ಡೈಕಿನ ದಿಕ್ಕೇ ಇದ್ದು, ಕಾವು ತಾಗದಷ್ಟು ದೂರದ ಗ್ರಾನೈಟ್‌ನಲ್ಲಿ ಬೇರೆ ದಿಕ್ಕಿದ್ದರೆ, ಡೈಕಿನ ನೆನಪು ಅದು ತಣಿದ ಕಾಲದ್ದೇ ಎಂದು ಖಚಿತವಾಗುತ್ತದೆ. ಈ ಡೈಕ್‌ಗಳ ಸಾಲು ಆಂಧ್ರ, ತೆಲಂಗಾಣದ ಕಡೆಗೆ ಹೋಗುತ್ತಾ ದಿಕ್ಕು ಬದಲಿಸುತ್ತದೆ. ಅವು ಒಂದೇ ಕೇಂದ್ರದಿಂದ ಬೀಸಣಿಗೆಯಂತೆ ಹರಡಿದವು ಎಂಬುದು ಒಂದು ವಿವರಣೆ. ಭೂಚಿಪ್ಪೇ ಆಮೇಲೆ ಬಾಗಿತು ಎಂಬುದು ಇನ್ನೊಂದು. ಬಾಗಿದ್ದರೆ ಕಲ್ಲಿನೊಳಗಿನ ದಿಕ್ಕುಗಳೂ ಅದಕ್ಕೆ ತಕ್ಕಂತೆ ತಿರುಗಿರಬೇಕು. ಕಡಿದಾದ ಸೂಜಿಯಲ್ಲಿ ಓರೆಯನ್ನು ನಿಖರವಾಗಿ ಓದುವುದು ಕಷ್ಟ, ಬಹುತೇಕ ಲಂಬವಾಗಿ ನಿಂತ ಕೋಲು ಯಾವ ಕಡೆ ವಾಲಿದೆ ಎಂದು ಹೇಳುವಷ್ಟೇ ಕಷ್ಟ. ಹಾಗಾಗಿ ಅಲ್ಲಿ ಇನ್ನೂ ಹೆಚ್ಚು ಡೈಕ್‌ಗಳನ್ನು ಕೊರೆಯಬೇಕಾಗಿದೆ, ಕ್ವಾರಿಗಳು ಆ ಕಲ್ಲನ್ನು ಪೂರ್ತಿ ಕಡಿದು ಸಾಗಿಸುವ ಮೊದಲು.